ಅಬ್ಬಾನ ಪುಸ್ತಕ, ಅಮ್ಮಿಯ ಪುಸ್ತಕ

ನಮ್ಮ ಮನೆಯಲ್ಲಿ ‘ಪಿಯುಸಿ’ ಎಂಬ ಮಾತಿಗೆ ಎರಡು ಅರ್ಥ. ಒಂದು ನಾನು ಓದುತ್ತಿರುವುದು. ಇನ್ನೊಂದು ಅಬ್ಬಾನ ರಿಕ್ಷಾಕ್ಕೆ ಆರು ತಿಂಗಳಿಗೊಮ್ಮೆ ಮಾಡಿಸಬೇಕಾಗಿದ್ದದ್ದು, ಪೊಲ್ಯೂಷನ್ ಅಂಡರ್ ಕಂಟ್ರೋಲ್ ಸರ್ಟಿಫಿಕೇಟು. ಊರೆಲ್ಲ ಅದನ್ನು ಎಮಿಷನ್ ಟೆಸ್ಟ್ ಎಂದರೂ ಅಬ್ಬಾ ಬೇಕೆಂದೇ ಪಿಯುಸಿ ಎನ್ನುತ್ತಾರೆ. ನಾನು ಕಾಲೇಜಿಗೆ ಸೇರಿದ ದಿನ, “ನಿನ್ನ ಪಿಯುಸಿಗೆ ವರ್ಷಕ್ಕೆ ಒಂದು ಸಲ ಫೀಸು, ನನ್ನದಕ್ಕೆ ಎರಡು ಸಲ. ಯಾರದ್ದು ಕಷ್ಟ ಹೇಳು” ಎಂದು ನಕ್ಕಿದ್ದರು.

ಕಳೆದ ಫೆಬ್ರವರಿಯ ಒಂದು ಶನಿವಾರ ಕಾಲೇಜು ಬಿಟ್ಟ ಮೇಲೆ ಅಬ್ಬಾ ನನ್ನನ್ನು ಕರೆದುಕೊಂಡು ಹೋಗಲು ಬಂದರು. ದಾರಿಯಲ್ಲಿ ರಿಕ್ಷಾವನ್ನು ಪೆಟ್ರೋಲ್ ಪಂಪಿನ ಮೂಲೆಯಲ್ಲಿದ್ದ ಎಮಿಷನ್ ವ್ಯಾನಿನ ಹತ್ತಿರ ನಿಲ್ಲಿಸಿದರು. ಅಲ್ಲಿದ್ದ ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೆದು, ಸೈಲೆನ್ಸರಿನೊಳಗೆ ಕೊಳವೆ ತೂರಿಸಿ ಕಂಪ್ಯೂಟರ್ ನೋಡುತ್ತಾ ನಿಂತ. ಸ್ವಲ್ಪ ಹೊತ್ತಿಗೆ “ಫೇಲ್ ಭಾಯ್” ಎಂದ. ಕಾರ್ಬನ್ ಮೊನಾಕ್ಸೈಡ್ ಮಿತಿಗಿಂತ ಜಾಸ್ತಿ ಇತ್ತು.

“ಹೊಗೆ ಎಲ್ಲಿದೆ ತೋರಿಸು” ಎಂದು ಅಬ್ಬಾ ಜಗಳಕ್ಕೇ ನಿಂತರು. ಹೊಗೆ ನಿಜಕ್ಕೂ ಕಾಣುತ್ತಿರಲಿಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ ಎಂದು ನಾನು ಹಿಂದಿನ ಸೀಟಿನಿಂದಲೇ ಹೇಳಿದೆ. ಅಬ್ಬಾ ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ರಿಕ್ಷಾದವರು ಮೆಲ್ಲನೆ, ಕೊಳವೆ ಹಾಕದೆಯೇ ಚೀಟಿ ಕೊಡುವವರೂ ಇದ್ದಾರೆ, ಸುಮ್ಮನೆ ಯಾಕೆ ತಲೆಬಿಸಿ ಎಂದರು. ಅಬ್ಬಾ ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ರಿಕ್ಷಾ ಗ್ಯಾರೇಜಿನ ಕಡೆ ತಿರುಗಿತು. ನಾನು ಹಿಂದೆ ಕೂತಿರದಿದ್ದರೆ ಯಾವ ಕಡೆ ತಿರುಗುತ್ತಿತ್ತೋ ಗೊತ್ತಿಲ್ಲ. (ಇದನ್ನು ಬರೆಯಬಹುದೇ ಎಂದು ಕೇಳಿದೆ. “ಬರಿ, ಸುಳ್ಳಲ್ಲವಲ್ಲ” ಎಂದರು.)

ಕಾರ್ಬುರೇಟರ್ ಬಿಚ್ಚಿ ತೊಳೆದು, ಪ್ಲಗ್ ಮತ್ತು ಏರ್ ಫಿಲ್ಟರ್ ಬದಲಿಸಿ 850 ರೂಪಾಯಿ ಆಯಿತು. ಮಧ್ಯಾಹ್ನದ ಬಾಡಿಗೆಯೆಲ್ಲ ಹೋಯಿತು. ರಾತ್ರಿ ಅಬ್ಬಾ ತಮ್ಮ ಪುಸ್ತಕದಲ್ಲಿ ಆ ಮೊತ್ತ ಬರೆದು, ಮುಂದೆ ಒಂದೇ ಪದ ಬರೆದರು: ದಂಡ.

ಈ ಪುಸ್ತಕದ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ಎರಡು ಇವೆ. ಅಬ್ಬಾನದು ಉದ್ದನೆಯ, ಕೆಂಪು ರಟ್ಟಿನ ಪುಸ್ತಕ. ಅದರಲ್ಲಿ ರಿಕ್ಷಾದ ಲೆಕ್ಕ ಮಾತ್ರ ಇರುತ್ತದೆ: ಬಾಡಿಗೆ, ಪೆಟ್ರೋಲು, ಗ್ಯಾರೇಜು, ಇನ್ಶೂರೆನ್ಸ್, ಎಮಿಷನ್. ಅಬ್ಬಾ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವರು, ಹಾಗಾಗಿ ಅದು ಕನ್ನಡದಲ್ಲಿದೆ. ಅಮ್ಮಿಯದು ನನ್ನ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಹೊಲಿದು ಮಾಡಿದ್ದು. ಹಾಲು, ಮೀನು, ಅಕ್ಕಿ, ಗ್ಯಾಸ್, ಮದ್ದು, ಎಲ್ಲವೂ ಉರ್ದುವಿನಲ್ಲಿ. ಅಂದರೆ ಒಂದು ಪುಸ್ತಕ ಎಡದಿಂದ ಬಲಕ್ಕೆ ಹೋಗುತ್ತದೆ, ಇನ್ನೊಂದು ಬಲದಿಂದ ಎಡಕ್ಕೆ. ನನ್ನ ಗೆಳತಿಯರಲ್ಲಿ ಹೆಚ್ಚಿನವರ ಮನೆಮಾತು ಬ್ಯಾರಿ. ಉರ್ದುವಿನ ಹಿಂದೆ ಮುಂದೆ ಕಂಡು ಅವರಿಗೆ ಯಾವಾಗಲೂ ನಗು. ಆದರೆ ಇದರಿಂದ ನಿಜವಾಗಿ ಆದದ್ದು ಏನೆಂದರೆ, ಅಬ್ಬಾ ಅಮ್ಮಿಯ ಪುಸ್ತಕವನ್ನು ಎಂದೂ ಓದಿಲ್ಲ, ಅಮ್ಮಿ ಅಬ್ಬಾನ ಪುಸ್ತಕವನ್ನು ಓದಿಲ್ಲ.

ಅಕೌಂಟೆನ್ಸಿಯ ಆರಂಭದ ಪಾಠದಲ್ಲೇ ವ್ಯವಹಾರ ಬೇರೆ, ಮಾಲೀಕ ಬೇರೆ ಎಂದು ಬರುತ್ತದೆ. ಮಾಲೀಕ ತನ್ನ ಮನೆಖರ್ಚಿಗೆ ಅಂಗಡಿಯಿಂದ ಹಣ ತೆಗೆದರೆ ಅದು ಡ್ರಾಯಿಂಗ್ಸ್, ವ್ಯವಹಾರದ ಖರ್ಚಲ್ಲ. ನಾನು ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಏಪ್ರಿಲ್ ರಜೆಯಲ್ಲಿ ಅಭ್ಯಾಸಕ್ಕೆಂದು ಅಬ್ಬಾನ ಪುಸ್ತಕದಿಂದ ಇಡೀ ವರ್ಷದ ಲಾಭ ನಷ್ಟದ ತಃಖ್ತೆ ತಯಾರಿಸಲು ಕೂತೆ. ಖರ್ಚಿನ ಕಡೆ ಎಲ್ಲವೂ ಸರಿಯಾಗಿ ಬಂತು. ಬಾಡಿಗೆಯ ಕಡೆ ಮಾತ್ರ ಖಾಲಿ ದಿನಗಳು ಕಂಡವು. ಹಬ್ಬ, ಬಂದ್ ಬಿಟ್ಟು 19 ದಿನ. ಆ ದಿನಗಳಲ್ಲಿ ಏನಾಗಿತ್ತು ಎಂದು ಕೇಳಿದಾಗ ಅಮ್ಮಿ ತನ್ನ ಪುಸ್ತಕ ತಂದು ಕೊಟ್ಟಳು. ಅದರಲ್ಲಿ ಅವೇ ತಾರೀಕುಗಳ ಮುಂದೆ ‘ದವಾ’ ಎಂದು ಬರೆದಿತ್ತು.

ಅಬ್ಬಾನಿಗೆ ಕೆಮ್ಮು ಶುರುವಾಗಿ ನಾಲ್ಕು ವರ್ಷವಾಯಿತು. ಚಳಿಗಾಲದ ಬೆಳಿಗ್ಗೆ ಜಾಸ್ತಿ, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ. ಆಸ್ಪತ್ರೆಯಲ್ಲಿ ಒಂದು ಯಂತ್ರಕ್ಕೆ ಜೋರಾಗಿ ಊದಿಸಿ ನೋಡಿ, ಶ್ವಾಸನಾಳ ಕಿರಿದಾಗಿದೆ ಎಂದರು. ಬೀಡಿ ಎಷ್ಟು ಎಂದು ಕೇಳಿದರು. ಅಬ್ಬಾ ಬೀಡಿ ಮುಟ್ಟಿದವರೇ ಅಲ್ಲ. ಕೆಲಸ ಏನು ಎಂದು ಕೇಳಿ ತಿಳಿದ ಮೇಲೆ ಇನ್‌ಹೇಲರ್ ಬರೆದುಕೊಟ್ಟು, ಹೊಗೆ ಧೂಳಿನಿಂದ ದೂರ ಇರಿ ಎಂದರು. ದಿನಕ್ಕೆ ಹನ್ನೊಂದು ಗಂಟೆ ನಂತೂರು, ಪಂಪ್‌ವೆಲ್, ಹಂಪನಕಟ್ಟೆ, ಕೂಳೂರು ಎಂದು ಬಾಗಿಲಿಲ್ಲದ ಗಾಡಿಯಲ್ಲಿ ಕೂರುವವರಿಗೆ ಈ ಸಲಹೆ! ಮೀನುಗಾರನಿಗೆ ನೀರಿನಿಂದ ದೂರ ಇರಿ ಎಂದ ಹಾಗಾಯಿತು ಎಂದು ಅಬ್ಬಾ ಇಂದಿಗೂ ಪಾರ್ಕಿನಲ್ಲಿ ಎಲ್ಲರಿಗೆ ಹೇಳಿ ನಗಿಸುತ್ತಾರೆ. ನಕ್ಕ ಮೇಲೆ ಕೆಮ್ಮುತ್ತಾರೆ.

ನಾನು ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಕೂಡಿಸಿದೆ. ಕೆಲಸಕ್ಕೆ ಹೋಗದ 19 ದಿನ, ಪೆಟ್ರೋಲು ಕಳೆದು ದಿನಕ್ಕೆ 800ರಂತೆ 15,200 ರೂಪಾಯಿ. ಇನ್‌ಹೇಲರ್ ಮತ್ತು ಮಾತ್ರೆ ತಿಂಗಳಿಗೆ 620ರಂತೆ 7,440. ಎರಡು ರಾತ್ರಿ ಆಸ್ಪತ್ರೆ, ಪರೀಕ್ಷೆ, ವೈದ್ಯರ ಫೀಸು ಸೇರಿ 6,900. ಒಟ್ಟು 29,540. ಅದೇ ವರ್ಷ ಎಮಿಷನ್ ಟೆಸ್ಟಿಗೆ, ಗ್ಯಾರೇಜಿನ ಆ 850 ಸೇರಿಸಿದರೂ, ಖರ್ಚಾದದ್ದು ಸಾವಿರದ ಚಿಲ್ಲರೆ. ಅಬ್ಬಾ ‘ದಂಡ’ ಎಂದು ಬರೆದದ್ದು ಸಾವಿರದ ಮುಂದೆ. 29,540ರ ಮುಂದೆ ಏನೂ ಬರೆದಿರಲಿಲ್ಲ. ಯಾಕೆಂದರೆ ಅದು ಅವರ ಪುಸ್ತಕದಲ್ಲಿ ಇರಲೇ ಇಲ್ಲ.

ಇದೆಲ್ಲ ಹೊಗೆಯಿಂದಲೇ ಬಂದದ್ದು ಎಂದು ವೈದ್ಯರು ಹೇಳಿಲ್ಲ, ನಾನೂ ಹೇಳುವುದಿಲ್ಲ. ದಾದಾನಿಗೂ ಉಬ್ಬಸ ಇತ್ತು. ನಮ್ಮ ಮನೆಯ ಹಿಂದಿನ ಗೋಡೆ ಆಷಾಢದಿಂದ ದಸರಾವರೆಗೆ ಒದ್ದೆ. ಆದರೆ ಕಾಲು ಭಾಗ ಮಾತ್ರ ರಸ್ತೆಯಿಂದ ಬಂದದ್ದು ಎಂದು ಹಿಡಿದರೂ, ಅದು ಡ್ರಾಯಿಂಗ್ಸ್ ಅಲ್ಲ. ಟೈರು ಸವೆದ ಹಾಗೆ ಶ್ವಾಸಕೋಶ ಸವೆದದ್ದು. ಅದು ರಿಕ್ಷಾ ಓಡಿಸಿದ ಖರ್ಚು.

ದ್ವಿತೀಯ ಪಿಯುಸಿಯ ಅರ್ಥಶಾಸ್ತ್ರದಲ್ಲಿ ಇದಕ್ಕೆ ಹೆಸರು ಸಿಕ್ಕಿತು. ರಾಷ್ಟ್ರೀಯ ವರಮಾನದ ಅಧ್ಯಾಯದ ಕೊನೆಗೆ, ಜಿಡಿಪಿ ಹೆಚ್ಚಾದರೆ ಜನರ ಕ್ಷೇಮವೂ ಹೆಚ್ಚುತ್ತದೆಯೇ ಎಂಬ ಭಾಗದಲ್ಲಿ, ಬಾಹ್ಯತೆ ಎಂಬ ಪದ ಬರುತ್ತದೆ. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಆಗುವ, ಆದರೆ ಯಾರೂ ಬಿಲ್ ಕೊಡದ ಹಾನಿ ಅಥವಾ ಲಾಭ. ಪಠ್ಯಪುಸ್ತಕದಲ್ಲಿ ಕೊಟ್ಟಿರುವ ಉದಾಹರಣೆ ಯಾವುದು ಗೊತ್ತೇ? ತೈಲ ಶುದ್ಧೀಕರಣ ಘಟಕ! ಅದು ನದಿಯನ್ನು ಕೆಡಿಸುತ್ತದೆ, ಮೀನುಗಾರರಿಗೆ ನಷ್ಟವಾಗುತ್ತದೆ, ಆದರೆ ಜಿಡಿಪಿಯಲ್ಲಿ ತೈಲದ ಮೌಲ್ಯ ಮಾತ್ರ ಸೇರುತ್ತದೆ. ಕಾಟಿಪಳ್ಳ, ಸುರತ್ಕಲ್ ಕಡೆಯಿಂದ ಬರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಆರ್‌ಪಿಎಲ್‌ನ ಪೆಟ್ ಕೋಕ್ ಘಟಕದ ಕಪ್ಪು ಹುಡಿಯ ವಿರುದ್ಧ ಜೋಕಟ್ಟೆ, ಕಳವಾರಿನ ಜನ ವರ್ಷಗಟ್ಟಲೆ ಹೋರಾಡಿದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕೊನೆಗೆ ಸರ್ಕಾರ ಕಂಪನಿಗೆ ಷರತ್ತು ಹಾಕಿ ಆದೇಶ ಮಾಡಬೇಕಾಯಿತು. ಮಾಲಿನ್ಯದ ನಿಯಮ ಮಾಡುವುದು ಇಷ್ಟೇ ಎಂದು ನನಗೆ ಅನಿಸುತ್ತದೆ. ಹೊಸ ಖರ್ಚನ್ನು ಅದು ಹುಟ್ಟಿಸುವುದಿಲ್ಲ. ಅಮ್ಮಿಯ ಪುಸ್ತಕದಲ್ಲಿದ್ದ ಖರ್ಚನ್ನು ತೆಗೆದು, ಅದನ್ನು ಮಾಡಿದವರ ಪುಸ್ತಕದಲ್ಲಿ ಬರೆಯುತ್ತದೆ.

ಬರೆದಾಗ ಮೊತ್ತವೂ ಸಣ್ಣದಾಗುತ್ತದೆ. ಅಮೆರಿಕದಲ್ಲಿ ಶುದ್ಧ ಗಾಳಿಯ ಕಾಯ್ದೆ 1970ರದ್ದು, 1990ರಲ್ಲಿ ಅದನ್ನು ಬಿಗಿ ಮಾಡಿದರು. ಆ ಬಿಗಿ ಮಾಡಿದ್ದರಿಂದ 2020ರ ಹೊತ್ತಿಗೆ ವರ್ಷಕ್ಕೆ ಆಗುವ ಖರ್ಚು ಸುಮಾರು 6,500 ಕೋಟಿ ಡಾಲರ್, ಲಾಭ ಸುಮಾರು 2 ಲಕ್ಷ ಕೋಟಿ ಡಾಲರ್ ಎಂದು ಅಲ್ಲಿನ ಪರಿಸರ ಇಲಾಖೆ 2011ರ ವರದಿಯಲ್ಲಿ ಅಂದಾಜು ಮಾಡಿತು. ಒಂದಕ್ಕೆ ಮೂವತ್ತು. ಲಾಭದ ಬಹುಪಾಲು ಎಂದರೆ ಬೇಗ ಸಾಯದೇ ಉಳಿದವರು. ಉಳಿದದ್ದು ಆಸ್ಪತ್ರೆಗೆ ಹೋಗದ ದಿನಗಳು, ಕೆಲಸ ತಪ್ಪದ ದಿನಗಳು. ಜೀವಕ್ಕೆ ಬೆಲೆ ಕಟ್ಟುವ ಲೆಕ್ಕವನ್ನು ಎಷ್ಟು ನಂಬಬೇಕು ಎಂದು ನಮ್ಮ ಸರ್ ಕೇಳಿದರು. ಆ ಭಾಗವನ್ನು ಬಹಳಷ್ಟು ಕಡಿಮೆ ಮಾಡಿದರೂ ಲಾಭದ ಕಡೆಯೇ ಭಾರ. ನಮ್ಮ ದೇಶದ ಲೆಕ್ಕ ನಷ್ಟದ ಕಡೆಯಿಂದ ಸಿಗುತ್ತದೆ. 2019ರಲ್ಲಿ ವಾಯುಮಾಲಿನ್ಯದ ಕಾರಣದಿಂದ 16.7 ಲಕ್ಷ ಸಾವು, ದುಡಿಮೆಯ ನಷ್ಟ ಜಿಡಿಪಿಯ ಶೇ. 1.36 ಎಂದು 2020ರ ಕೊನೆಯಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಮನೆಯ 19 ದಿನಗಳಂಥವನ್ನು ದೇಶದ ಎಲ್ಲ ಮನೆಗಳಿಂದ ಕೂಡಿಸಿದ ಹಾಗೆ.

ನಷ್ಟ ತಪ್ಪಿದಾಗ ಯಾರಿಗೂ ಗೊತ್ತಾಗುವುದಿಲ್ಲ, ಅದೇ ತೊಂದರೆ. 2000ದ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಸೀಸ ಮಕ್ಕಳ ಮಿದುಳಿಗೆ ವಿಷ. ಈ ಕಾಲೇಜಿನಲ್ಲಿ ಓದುತ್ತಿರುವ ನಾವೆಲ್ಲ ಅದರ ನಂತರ ಹುಟ್ಟಿದವರು. ಆ ನಿಯಮದಿಂದ ನಮ್ಮಲ್ಲಿ ಯಾರಿಗೆ ಎಷ್ಟು ಒಳ್ಳೆಯದಾಯಿತು? ಯಾವ ಪುಸ್ತಕದಲ್ಲೂ ಇಲ್ಲ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಬಂತು. ಇಂಧನದಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10 ಪಾಲಿಗೆ ಇಳಿಯಿತು. ಅದಕ್ಕಾಗಿ ರಿಫೈನರಿಗಳು ಹಾಕಿದ ಹಣ, ಗಾಡಿಗಳ ಬೆಲೆ ಏರಿದ್ದು ಎಲ್ಲರಿಗೂ ಗೊತ್ತು. ಗಂಧಕ ಕಡಿಮೆಯಾದ ಸುದ್ದಿ ಅಬ್ಬಾನಿಗೆ ನಾನು ಹೇಳಿದ ಮೇಲೆಯೇ ತಿಳಿದದ್ದು.

ಏಪ್ರಿಲ್ ಕೊನೆಗೆ ಅಬ್ಬಾ ಹಳೆಯ ರಿಕ್ಷಾ ಕೊಟ್ಟು ಸಿಎನ್‌ಜಿ ರಿಕ್ಷಾ ತೆಗೆದುಕೊಳ್ಳುವ ಮಾತು ಎತ್ತಿದರು. ನನ್ನ ಲೆಕ್ಕ ನೋಡಿ ಅಲ್ಲ. ಪಾರ್ಕಿನಲ್ಲಿ ಎಲ್ಲರೂ ತೆಗೆಯುತ್ತಿದ್ದರು ಅಷ್ಟೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾದದ್ದು ನಿಮಗೆ ನೆನಪಿರಬಹುದು. ಈಗ ಇಲ್ಲಿನ ರಿಕ್ಷಾಗಳಲ್ಲಿ ಬಹಳಷ್ಟು ಗ್ಯಾಸಿನವು. ನಾನು ಹಾಳೆ ಹಿಡಿದು ಕೂತೆ. ಪೆಟ್ರೋಲಿಗೆ ದಿನಕ್ಕೆ 400, ಗ್ಯಾಸಿಗೆ 230. ಉಳಿತಾಯ 170, ತಿಂಗಳಿಗೆ 26 ದಿನಕ್ಕೆ 4,420. ಸಾಲದ ಕಂತು 5,800, ನಲವತ್ತೆಂಟು ತಿಂಗಳು. 1,380 ಕಡಿಮೆ ಬೀಳುತ್ತದೆ. ಹಳೆಯದರ ಗ್ಯಾರೇಜ್ ಖರ್ಚು ತಿಂಗಳಿಗೆ ಸರಾಸರಿ 900 ಇತ್ತು, ಅದು ಉಳಿದರೆ ಕೊರತೆ 480. ಅಮ್ಮಿ ಏನೂ ಹೇಳದೆ ಕೈಯ ಎರಡು ಬಳೆ ತೆಗೆದು ಮುಂಗಡಕ್ಕೆ ಕೊಟ್ಟಳು. ಆ ಬಳೆ ಯಾವ ಪುಸ್ತಕದಲ್ಲಿ ಬರೆದಿದ್ದಾಳೆ ಎಂದು ನಾನು ಕೇಳಲಿಲ್ಲ.

ಮೇಯಲ್ಲಿ ರಿಕ್ಷಾ ಬಂತು. ಮೊದಲ ವಾರವೇ ಗ್ಯಾಸ್ ಪಂಪಿನ ಮುಂದೆ ಎರಡು ಗಂಟೆ ಕ್ಯೂ. ಕ್ಯೂನಲ್ಲಿ ನಿಂತ ಹೊತ್ತಿಗೆ ಬಾಡಿಗೆ ಇಲ್ಲ. ಆ ರಾತ್ರಿ ಅಬ್ಬಾ ಕಂಡಾಬಟ್ಟೆ ಕೋಪದಲ್ಲಿದ್ದರು. “ನಿಯಮ ಎಲ್ಲ ಮೊದಲು ಬರುವುದು ಮೂರು ಚಕ್ರದವನ ಹತ್ತಿರ. ಕಲ್ಲಿದ್ದಲಿನ ಲಾರಿ ಟಾರ್ಪಾಲು ಕಟ್ಟದೆ ಹೋಗುತ್ತದೆ, ಅದಕ್ಕೆ ಯಾರೂ ಕೊಳವೆ ಹಾಕುವುದಿಲ್ಲ. ನಾನು ಪರ್ಮಿಟ್‌ಗೆ ವರ್ಷ ಕಾದೆ, ಬ್ಯಾಟರಿ ರಿಕ್ಷಾದವನು ಪರ್ಮಿಟ್ಟೇ ಇಲ್ಲದೆ ನನ್ನ ಪಾರ್ಕಿನ ಮುಂದೆ ಜನ ಹತ್ತಿಸುತ್ತಾನೆ” ಎಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಬ್ಯಾಟರಿ ವಾಹನಗಳಿಗೆ ಪರ್ಮಿಟ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲೇ ವಿನಾಯಿತಿ ಕೊಟ್ಟಿದೆ. ಹೊಗೆ ಕಡಿಮೆ ಮಾಡಲು ಅದು ಒಳ್ಳೆಯ ನಿಯಮ. ಆದರೆ ಅದರ ಖರ್ಚಿನ ಒಂದು ಪಾಲು ಸಾಲ ಮಾಡಿ ಗಾಡಿ ಕೊಂಡ ಹಳಬರ ಪುಸ್ತಕಕ್ಕೆ ಬಿತ್ತು. ನಮ್ಮೂರಿನ ರಿಕ್ಷಾ ಚಾಲಕರು ಇದಕ್ಕಾಗಿ ಪ್ರತಿಭಟನೆ ಮಾಡಿದ್ದಾರೆ. ಲಾಭ ಇಡೀ ಊರಿಗೆ, ಖರ್ಚು ಕೆಲವರಿಗೆ ಎಂದಾದರೆ ಆ ಕೆಲವರ ಕೈಗೆ ಊರು ಏನಾದರೂ ಕೊಡಬೇಕು. ಕಡಿಮೆ ಬಡ್ಡಿಯ ಸಾಲವೋ, ಇನ್ನೆರಡು ಗ್ಯಾಸ್ ಪಂಪೋ. ಇಲ್ಲದಿದ್ದರೆ ಕೊಳವೆ ಹಾಕದೆ ಚೀಟಿ ಕೊಡುವವನ ಅಂಗಡಿ ಚೆನ್ನಾಗಿ ನಡೆಯುತ್ತದೆ.

ದೆಹಲಿಯಲ್ಲೂ ಹೀಗೇ ಆಗಿತ್ತಂತೆ. ಬಸ್ಸು, ರಿಕ್ಷಾಗಳು ಸಿಎನ್‌ಜಿಗೆ ಬದಲಾಗಬೇಕು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶಿಸಿದಾಗ ಗ್ಯಾಸಿಗೆ ಮೈಲುದ್ದದ ಕ್ಯೂ, ಗಡುವು ಮುಂದೂಡಿಕೆ. 2002ರ ಕೊನೆಗೆ ಬದಲಾವಣೆ ಮುಗಿಯಿತು. ಆಮೇಲೆ ಕಾರುಗಳು ಹೆಚ್ಚಿ ಬಂದ ಲಾಭವೂ ಕರಗಿತು. ನಮಗೆ ಕಡಲ ಗಾಳಿ ಇದೆ, ವರ್ಷಕ್ಕೆ ನಾಲ್ಕು ತಿಂಗಳು ಮಳೆ ಇದೆ. ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ 2019ರಲ್ಲಿ ಬಂದಾಗ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಂಗಳೂರು ಇಲ್ಲ. ಅದಕ್ಕೆ ನಾವು ಇದು ನಮ್ಮ ವಿಷಯವಲ್ಲ ಎಂದು ಕೂತಿದ್ದೇವೆ. ಆದರೆ ಗಾಳಿಯ ಸರಾಸರಿ ಬೇರೆ, ನಂತೂರು ಸಿಗ್ನಲಿನಲ್ಲಿ ಬಸ್ಸಿನ ಹಿಂದೆ ನಿಂತವನ ಮೂಗು ಬೇರೆ.

ಈಗ ಏಳು ತಿಂಗಳಾಯಿತು. ಅಬ್ಬಾನ ಕೆಮ್ಮು ಹೋಗಿಲ್ಲ. ಹೋಗಬೇಕೆಂದು ನಾನು ಯಾಕೆ ಕಾಯುತ್ತಿದ್ದೆ ಎಂದು ಯೋಚಿಸಿದಾಗ ನನ್ನ ದಡ್ಡತನ ಗೊತ್ತಾಯಿತು. ಅಬ್ಬಾ ತಮ್ಮ ರಿಕ್ಷಾದ ಹೊಗೆಯನ್ನು ಉಸಿರಾಡುವುದು ಕಡಿಮೆ. ಅದು ಹಿಂದಿನಿಂದ ಹೋಗುತ್ತದೆ. ಅವರು ಉಸಿರಾಡುವುದು ಮುಂದಿನವರದ್ದು. 5,800ರ ಕಂತಿನಿಂದ ಬಂದ ಒಳ್ಳೆಯ ಗಾಳಿ ಹಿಂದೆ ನಿಂತ ಸ್ಕೂಟರಿನವರಿಗೆ, ಅವರ ಮುಂದೆ ನಿಂತ ಮಗುವಿಗೆ. ಅವರು ಯಾರೋ. ಅಬ್ಬಾನ ಎದೆಗೆ ಒಳ್ಳೆಯದಾಗಬೇಕಾದರೆ ಮುಂದಿನ ಬಸ್ಸಿನವರು, ಲಾರಿಯವರು ಖರ್ಚು ಮಾಡಬೇಕು. ಒಬ್ಬನೇ ಮಾಡಿದರೆ ನಷ್ಟ, ಎಲ್ಲರೂ ಮಾಡಿದರೆ ಎಲ್ಲರಿಗೂ ಲಾಭ ಎನ್ನುವ ಇಂಥ ಖರ್ಚನ್ನು ಯಾರು ಮನಸ್ಸಿನಿಂದ ಮಾಡುತ್ತಾರೆ? ಅದಕ್ಕೇ ಆ ಕೊಳವೆ, ಆ ಚೀಟಿ. ನಮ್ಮ ಹಳೆಯ ರಿಕ್ಷಾವನ್ನು ಬೇರೆ ತಾಲೂಕಿನ ಒಬ್ಬರು ಕೊಂಡರು. ಅದು ಈಗ ಅಲ್ಲಿ ಯಾರ ಮುಂದೆ ಓಡುತ್ತಿದೆಯೋ.

ಈ ಮಾತನ್ನು ಒಂದು ರಾತ್ರಿ ಅಬ್ಬಾನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ಬಸ್ಸಿನವನ ಹತ್ತಿರ ಬಿಲ್ ಕೇಳು” ಎಂದರು. ಆಮೇಲೆ ಅಮ್ಮಿಯ ಪುಸ್ತಕ ಕೇಳಿ ತೆಗೆದುಕೊಂಡು, ಅಕ್ಷರ ಬಾರದಿದ್ದರೂ ಅಂಕಿಗಳ ಮೇಲೆ ಬೆರಳಿಟ್ಟು ನೋಡುತ್ತಾ ಹೋದರು. ಈ ವರ್ಷ ಇದುವರೆಗೆ ರಜೆ ಎಂಟು ದಿನ. ಚಳಿಗಾಲ ಈಗಷ್ಟೇ ಶುರುವಾಗಿದೆ, ಹಾಗಾಗಿ ನಾನು ಇನ್ನೂ ಏನೂ ಕೂಡಿಸಿಲ್ಲ.

ಹೊಸ ಗಾಡಿಗೆ ಮೊದಲ ಒಂದು ವರ್ಷ ಎಮಿಷನ್ ಟೆಸ್ಟ್ ಬೇಡ. ನನ್ನ ಪಿಯುಸಿ ಮಾರ್ಚಿನಲ್ಲಿ, ರಿಕ್ಷಾದ್ದು ಮೇಯಲ್ಲಿ. ಫೇಲಾದರೆ ಗ್ಯಾರೇಜಿಗೆ ಎಂದು ಅಬ್ಬಾ ಹೇಳಿದ್ದಾರೆ. ಯಾರನ್ನು ಎಂದು ಹೇಳಿಲ್ಲ.